ಒಂದು ಪಟಕ್ಕಾಗಿ ಎಷ್ಟು ಹೊತ್ತು ಕಾಯಬೇಕು?

ಛಾಯಾಚಿತ್ರವೆಂಬುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸವೆಂದು ನಮ್ಮಲ್ಲಿ ಬಹುಮಂದಿ ತಿಳಿದಿರುವರು. ಹಾಗೆ ತಿಳಿಯುವುದಕ್ಕೆ ಕಾರಣವೂ ಉಂಟು. ಅಮೀರ್‌ಪೇಟ್‌ನ ಮೆಟ್ರೋ ನಿಲ್ದಾಣದ ಕೆಳಗೆ ಹತ್ತು ನಿಮಿಷ ನಿಂತು ನೋಡಿದರೆ ಸಾಕು. ಕಂಪ್ಯೂಟರ್ ಕಲಿಯಲೆಂದು ದೂರದ ಊರುಗಳಿಂದ ಬಂದ ಹುಡುಗರು ಕೈಯೆತ್ತಿ ಮೊಬೈಲಿನಲ್ಲಿ ತಮ್ಮ ಮುಖವನ್ನು ತಾವೇ ಸೆರೆಹಿಡಿಯುತ್ತ ನಡೆಯುವುದು ಕಾಣುವುದು. ನಮ್ಮ ಹೋಟೆಲಿನಲ್ಲಿಯೂ ಅಷ್ಟೆ. ಮಸಾಲೆ ದೋಸೆ ಮೇಜಿಗೆ ಬಂದೊಡನೆ ಅದನ್ನು ಮುರಿಯುವುದಕ್ಕಿಂತ ಮೊದಲು ನಾಲ್ಕು ದಿಕ್ಕಿನಿಂದ ಅದರ ಚಿತ್ರ ತೆಗೆಯುವ ಗಿರಾಕಿಗಳಿದ್ದಾರೆ. ದೋಸೆ ಆರಿಹೋಯಿತೆಂದು ಆಮೇಲೆ ದೂರುವವರೂ ಅವರೇ! ಒಳಗೆ ಕಾವಲಿಯ ಮುಂದೆ ನಿಂತ ಭಟ್ಟರು ತಲೆ ಚಚ್ಚಿಕೊಳ್ಳುವುದನ್ನು ಅವರು ಕಾಣರು.

ಇಂಥ ಕಾಲದಲ್ಲಿ ಒಂದೇ ಒಂದು ಚಿತ್ರಕ್ಕಾಗಿ ತಿಂಗಳುಗಟ್ಟಲೆ ಕಾಯುವವನೊಬ್ಬ ನಮ್ಮ ಹೋಟೆಲಿನಲ್ಲಿಯೇ ಇದ್ದಾನೆಂಬುದು ನನಗೆ ತಿಳಿದುಬಂದದ್ದು ಅವನ ತಾಯಿಯಿಂದ. ಹೆಸರು ಬೇಡ; ಮಾಣಿ ಎಂದೇ ಕರೆಯೋಣ. ಕುಂದಾಪುರದ ಕಡೆಯವನು. ಕ್ಲೀನರ್ ಆಗಿ ಬಂದವನು ಸಪ್ಲೈಯರ್ ಆಗಿ, ಈಗ ಬೆಳಗಿನ ಪಾಳಿಯಲ್ಲಿ ದೋಸೆ ಹೊಯ್ಯುತ್ತಾನೆ. ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಒಂದು ಮಧ್ಯಾಹ್ನ ಅವನ ತಾಯಿ ಊರಿನಿಂದ ಫೋನ್ ಮಾಡಿ, "ಧಣಿಗಳೇ, ಮಾಣಿಗೆ ನೀವಾರೂ ಒಂದ್ ಬುದ್ಧಿ ಹೇಳಿ. ಮೂರ್ ತಿಂಗ್ಳ್ ಸಂಬ್ಳ ಕೊಟ್ಟ್ ಹಳೇ ಕ್ಯಾಮರಾ ತಕಂಡಿದ್ನಂಬ್ರ್. ಹಕ್ಕಿ ಪಟ ತೆಗ್ದ್ರೆ ಹೊಟ್ಟಿ ತುಂಬುತ್ತಾ?" ಎಂದು ಕೇಳಿದಳು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ಮಾಡಿನ ಹಂಚು ಬದಲಿಸಬೇಕಾಗಿದೆ. ಆ ತಾಯಿಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಸತ್ಯವನ್ನು ಹೇಳಬೇಕೆಂದರೆ ನನಗೂ ಅವನ ಮೇಲೆ ಸ್ವಲ್ಪ ಮುನಿಸಿತ್ತು. ಹೋಟೆಲಿನ ನಿತ್ಯದ ವ್ಯವಹಾರವನ್ನು ತಮ್ಮನಿಗೆ ಬಿಟ್ಟು ಪತ್ರಿಕೆಯ ಕೆಲಸಕ್ಕೆ ನಿಂತಿದ್ದರೂ ಬೆಳಗಿನ ಹೊತ್ತು ಗಲ್ಲಾದಲ್ಲಿ ಕುಳಿತುಕೊಳ್ಳುವ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ವಾರದ ರಜೆಯ ದಿನ ಕತ್ತಲೆಯಲ್ಲಿ ಎದ್ದುಹೋದ ಮಾಣಿ ಸಂಜೆ ಮೈಯೆಲ್ಲ ಕೆಸರು ಮಾಡಿಕೊಂಡು ಬರುವುದನ್ನೂ, ಮರುದಿನ ಕಾವಲಿಯ ಮುಂದೆ ಆಕಳಿಸುವುದನ್ನೂ ನಾನು ಕಂಡಿದ್ದೆ. ಒಮ್ಮೆ ನಾಲ್ಕು ಜನರ ಎದುರಿಗೆ ಗದರಿಯೂ ಇದ್ದೆ. ಈಗ ಬುದ್ಧಿ ಹೇಳಲು ತಾಯಿಯ ಅಪ್ಪಣೆಯೂ ದೊರೆಯಿತು. ಆದರೆ ಬುದ್ಧಿ ಹೇಳುವವನಿಗೆ ವಿಷಯವು ತಿಳಿದಿರಬೇಕಷ್ಟೆ? ನನ್ನ ಓದು ಎಸ್.ಎಸ್.ಎಲ್.ಸಿ.ಗೆ ನಿಂತದ್ದು, ಛಾಯಾಗ್ರಹಣ ಅದರಲ್ಲಿರಲಿಲ್ಲ. ಆದುದರಿಂದ ಮೊದಲು ನಾನೇ ಸ್ವಲ್ಪ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಅದರ ಫಲವೇ ಈ ಲೇಖನ.

ದೂರ ಹೋಗಬೇಕಾಗಿಲ್ಲ. ನಮ್ಮ ಈ ಅವಳಿ ನಗರದಲ್ಲಿಯೇ, ಸಿಕಂದರಾಬಾದಿನಲ್ಲಿ, 1886ರಲ್ಲಿ ಒಂದು ಸ್ಟುಡಿಯೋ ತೆರೆಯಿತು. ಅದರ ಒಡೆಯರು ಲಾಲಾ ದೀನದಯಾಳ್. ಮುಂದೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರಿಂದ 'ರಾಜಾ' ಎಂದೂ 'ಮುಸವ್ವಿರ್ ಜಂಗ್' ಎಂದೂ ಬಿರುದು ಪಡೆದವರು. 1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ ಹುಟ್ಟಿದರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದರು. ಗುಮಾಸ್ತ ವೃತ್ತಿಯ ವಾಚಕರು ಇಲ್ಲಿ ಸ್ವಲ್ಪ ಗಮನವಿಡಬೇಕು. ಈ ಮಹನೀಯರು ಮೂವತ್ತು ವರ್ಷ ವಯಸ್ಸಾಗುವವರೆಗೆ ಕ್ಯಾಮರಾ ಹಿಡಿದವರಲ್ಲ. ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿ ಬರೆಯುತ್ತ, ನಕ್ಷೆ ಎಳೆಯುತ್ತ ಕುಳಿತಿದ್ದ ನೌಕರರು. 1874ರ ಸುಮಾರಿಗೆ ಹವ್ಯಾಸವಾಗಿ ಹಿಡಿದ ಈ ವಿದ್ಯೆಗಾಗಿ ಸಂಬಳದ ನೌಕರಿಯನ್ನೇ ಕಡೆಗೆ ಬಿಟ್ಟರು.

ಅವರು ಈ ವಿದ್ಯೆಯನ್ನು ಕಲಿತ ಕಾಲದಲ್ಲಿ ಒಂದು ಚಿತ್ರ ತೆಗೆಯುವುದೆಂದರೆ ಏನು ಕಷ್ಟವಿತ್ತೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಆಗ ಫಿಲ್ಮು ಇರಲಿಲ್ಲ. ತೊಳೆದು ಒರೆಸಿದ ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು, ನಮ್ಮ ಭಟ್ಟರು ನೀರುದೋಸೆ ಹೊಯ್ಯುವಾಗಿನ ಕೈಚಳಕದಿಂದ, ಮೂಲೆಮೂಲೆಗೂ ಸಮನಾಗಿ ಹರಿಯಿಸಬೇಕು. ಅನಂತರ ಕತ್ತಲೆಯ ಗುಡಾರದೊಳಗೆ ಅದನ್ನು ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಬೇಕು. ಅದು ಹಸಿಯಾಗಿರುವಾಗಲೇ ಓಡಿಹೋಗಿ ಕ್ಯಾಮರಾದಲ್ಲಿಟ್ಟು ಬೆಳಕಿಗೆ ಒಡ್ಡಬೇಕು. ಮರಳಿ ಗುಡಾರಕ್ಕೆ ಓಡಿಬಂದು ಒಣಗುವುದರೊಳಗೆ ತೊಳೆದು ಚಿತ್ರವನ್ನು ಹೊರಡಿಸಬೇಕು. ಇವೆಲ್ಲಕ್ಕೂ ಇರುವ ಕಾಲಾವಕಾಶ ಸುಮಾರು ಹತ್ತು ನಿಮಿಷ. ದಖ್ಖನಿನ ಬೇಸಗೆಯಲ್ಲಿ ಅಷ್ಟೂ ದೊರೆಯದು. ಒಂದು ಧೂಳಿನ ಕಣ ಬಿದ್ದರೆ, ಒಂದು ನೊಣ ಕುಳಿತರೆ ಗಾಜು ಕೆಟ್ಟಿತು. ಮತ್ತೆ ಮೊದಲಿನಿಂದ ಆರಂಭ. ಗಾಜು, ರಸಾಯನ, ಗುಡಾರ, ಮುಕ್ಕಾಲಿ ಇವನ್ನೆಲ್ಲ ಆಳುಗಳ ಮೇಲೆ, ಬಂಡಿಗಳ ಮೇಲೆ ಹೇರಿಕೊಂಡು ಹೋಗಬೇಕು. 1882ರಲ್ಲಿ ದೀನದಯಾಳರು ಸರ್ ಲೆಪೆಲ್ ಗ್ರಿಫಿನ್ನರೊಡನೆ ಮಧ್ಯ ಭಾರತದ ಸ್ಮಾರಕಗಳನ್ನು ಸುತ್ತಿ ತೆಗೆದ ಚಿತ್ರಗಳು 1886ರಲ್ಲಿ ಗ್ರಂಥರೂಪವಾಗಿ ಬಂದವು. ಅವುಗಳಲ್ಲಿ ಕಲ್ಲಿನ ಒಂದೊಂದು ಗೆರೆಯೂ ಎಣಿಸುವಂತೆ ನಿಂತಿದೆ. ಅಂಥ ಚಿತ್ರಕ್ಕೆ ಸೂರ್ಯನು ಗೋಡೆಯ ಯಾವ ಮಗ್ಗುಲಿಗೆ ಯಾವ ಹೊತ್ತಿಗೆ ಬರುವನೆಂಬುದನ್ನು ಮೊದಲೇ ನೋಡಿಟ್ಟುಕೊಂಡು ಕಾಯದೆ ಬೇರೆ ದಾರಿಯಿಲ್ಲ.

ಒಣ ಗಾಜಿನ ಹಲಗೆಗಳು 1880ರ ಸುಮಾರಿನಿಂದ ಅಂಗಡಿಯಲ್ಲಿ ಸಿಕ್ಕತೊಡಗಿದ ಮೇಲೆ ಓಡಾಟ ತಪ್ಪಿತು, ಕಾಯುವಿಕೆ ತಪ್ಪಲಿಲ್ಲ. ಅರಮನೆಯ ಪರಿವಾರ, ದಿವಾನರು, ಬೇಟೆಗೆ ಬಂದ ದೊರೆಗಳು, ಎಲ್ಲರನ್ನೂ ಅಲುಗದಂತೆ ನಿಲ್ಲಿಸಿ, ಹಿಂದಿನ ಸಾಲಿನ ಕೊನೆಯವನ ಪೇಟದವರೆಗೆ ಬೆಳಕನ್ನು ಸರಿನೋಡಿ ತೆಗೆಯಬೇಕು. ಪರದೆಯ ಸ್ತ್ರೀಯರಿಗಾಗಿ ಅವರು 1892ರಲ್ಲಿ ಆಂಗ್ಲ ಮಹಿಳೆಯೊಬ್ಬರ ಮೇಲ್ವಿಚಾರಣೆಯಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋ ನಡೆಸಿದರು. 1905ರಲ್ಲಿ ತೀರಿಕೊಂಡರು. ಅವರ ಎರಡು ಸಾವಿರಕ್ಕೂ ಹೆಚ್ಚಿನ ಗಾಜಿನ ನೆಗೆಟಿವ್‌ಗಳು ಈಗ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. 2006ರಲ್ಲಿ ಅವರ ಅಂಚೆಚೀಟಿಯೂ ಹೊರಟಿತು. ಚೌಮಹಲ್ಲಾವನ್ನೂ ಫಲಕ್‌ನುಮಾವನ್ನೂ ನಾವು ಹಳೆಯ ಚಿತ್ರಗಳಲ್ಲಿ ಕಾಣುವೆವಲ್ಲ, ಅದರ ಋಣದಲ್ಲಿ ಬಹುಭಾಗ ಈ ಹಳೆಯ ನಕ್ಷೆಗಾರರದು.

ಆದರೆ ಕಟ್ಟಡಗಳು ಓಡಿಹೋಗವು. ನಿಜಾಮರು ಕುಳಿತಿರೆಂದರೆ ಪರಿವಾರವೂ ಕುಳಿತೀತು. ನಮ್ಮ ಮಾಣಿಯದು ಹಕ್ಕಿಯ ವಿಷಯ. ಹಕ್ಕಿ ಯಾರ ಮಾತನ್ನೂ ಕೇಳದು. ಈ ಪ್ರಕಾರದ ತಾಳ್ಮೆಯನ್ನು ಅರಿಯಬೇಕಾದರೆ ನಮ್ಮ ಕನ್ನಡ ನಾಡಿಗೇ ಹೋಗಬೇಕು. ಹೊರನಾಡಿನಲ್ಲಿರುವ ನಾವು ಹೆಮ್ಮೆಪಡಬೇಕಾದ ಸಂಗತಿ ಇದು.

1937ರಲ್ಲಿಯೇ ಬೆಂಗಳೂರಿನಲ್ಲಿ ಮೈಸೂರು ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತ್ತು. ಅದರ ಹಿಂದಿದ್ದ ಡಾ. ಜಿ. ಥಾಮಸ್ ಅವರೇ 1953ರಲ್ಲಿ ಅಖಿಲ ಭಾರತದ ಛಾಯಾಗ್ರಾಹಕರ ಒಕ್ಕೂಟವನ್ನೂ ಕಟ್ಟಿದರು. ಆ ಊರಿನ ಒ.ಸಿ. ಎಡ್ವರ್ಡ್ಸ್ ಎಂಬವರು ಪಕ್ಷಿಗಳ ಚಿತ್ರ ತೆಗೆಯುವುದರಲ್ಲಿ ಗುರುಸ್ಥಾನದಲ್ಲಿದ್ದವರು. ಅವರ ಶಿಷ್ಯರು ಟಿ.ಎನ್.ಎ. ಪೆರುಮಾಳ್. 1932ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಪೆರುಮಾಳರು ತಮ್ಮ ಆಯುಷ್ಯದ ಅರ್ಧ ಶತಮಾನಕ್ಕೂ ಮಿಕ್ಕ ಭಾಗವನ್ನು ಕಾಡಿನಲ್ಲಿಯೂ ಕೆರೆಯಂಚಿನಲ್ಲಿಯೂ ಕ್ಯಾಮರಾದ ಹಿಂದೆ ಕಳೆದರು. ತಾವು ಕಲಿತುದನ್ನು ಎಷ್ಟೋ ಮಂದಿ ಕಿರಿಯರಿಗೆ ಕೈಹಿಡಿದು ಕಲಿಸಿದರು.

ಅವರ ಕಾಲದ ವಿಧಾನವನ್ನು ಕೇಳಿದರೆ ನಮ್ಮ ಈಗಿನ ಹುಡುಗರು ಬೆರಗಾಗುವರು. ಹಕ್ಕಿ ನಿತ್ಯ ಬಂದು ಕೂರುವ ಸ್ಥಳವನ್ನು ಮೊದಲು ಹಲವು ದಿನ ದೂರದಿಂದ ನೋಡಿ ಗೊತ್ತುಮಾಡಿಕೊಳ್ಳಬೇಕು. ಅನಂತರ ಗೋಣಿತಟ್ಟು, ಸೊಪ್ಪುಗಳಿಂದ ಒಬ್ಬನು ಮುದುಡಿ ಕೂರುವಷ್ಟು ಮರೆಯೊಂದನ್ನು ದೂರದಲ್ಲಿ ಕಟ್ಟಬೇಕು. ಅದಕ್ಕೆ ಹಕ್ಕಿ ಒಗ್ಗಿದ ಮೇಲೆ ದಿನಕ್ಕಿಷ್ಟು ಮೊಳವೆಂದು ಹತ್ತಿರಕ್ಕೆ ಸರಿಸಬೇಕು. ಇಷ್ಟಾದ ಮೇಲೆ ಮರೆಯೊಳಗೆ ಹೋಗುವ ಉಪಾಯವೊಂದುಂಟು. ಇಬ್ಬರು ಜೊತೆಯಾಗಿ ಹೋಗುವರು. ಒಬ್ಬನು ಒಳಗೆ ಕುಳಿತುಕೊಳ್ಳುವನು, ಮತ್ತೊಬ್ಬನು ಹಕ್ಕಿಗೆ ಕಾಣುವಂತೆ ಹಿಂದಿರುಗಿ ನಡೆದುಬಿಡುವನು. ಹಕ್ಕಿಗೆ ಲೆಕ್ಕ ಬಾರದು. ಬಂದವರು ಹೋದರೆಂದು ನಂಬಿ ಅದು ಧೈರ್ಯದಿಂದ ಬರುವುದು. (ಲೆಕ್ಕ ಬಾರದವರನ್ನು ಹೀಗೆ ನಂಬಿಸುವ ಉಪಾಯ ವ್ಯಾಪಾರದಲ್ಲಿಯೂ ಉಂಟು, ಇರಲಿ.) ಒಳಗಿದ್ದವನು ಸೊಳ್ಳೆ ಕಚ್ಚಿದರೂ ಕೈ ಆಡಿಸದೆ, ಕೆಮ್ಮು ಬಂದರೂ ನುಂಗಿಕೊಂಡು ಗಂಟೆಗಟ್ಟಲೆ ಕೂರಬೇಕು. ಚೌಕದ ಚಿತ್ರ ಬರುವ ಅಗಲ ಫಿಲ್ಮಾದರೆ ಸುರುಳಿಗೆ ಹನ್ನೆರಡು ಚಿತ್ರ, ಸಣ್ಣ ಫಿಲ್ಮಾದರೆ ಮೂವತ್ತಾರು. ಮಿಂಚುಬಲ್ಬು ಒಮ್ಮೆ ಉರಿದರೆ ಮುಗಿಯಿತು, ಎಸೆಯಬೇಕು. ಚಿತ್ರ ಬಂದಿತೋ ಇಲ್ಲವೋ ಎಂಬುದು ಊರಿಗೆ ಬಂದು ಕತ್ತಲೆಕೋಣೆಯಲ್ಲಿ ತೊಳೆದ ಮೇಲೆಯೇ ತಿಳಿಯುವುದು. ಕೆಟ್ಟಿದ್ದರೆ ಮತ್ತೆ ಹೋಗಬೇಕು. ಋತು ಕಳೆದಿದ್ದರೆ ಮುಂದಿನ ವರ್ಷ.

ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರ ಹೆಸರನ್ನು ಬಳ್ಳಾರಿಯ ಕಡೆಯ ವಾಚಕರು ಬಲ್ಲರು. 1931ರಿಂದ 2011ರವರೆಗೆ ಬಾಳಿದವರು. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿದವರು. 1972ರಿಂದ 1977ರವರೆಗೆ ಕರ್ನಾಟಕದ ಅರ್ಥಸಚಿವರು. ಆಯವ್ಯಯದ ಕಡತಗಳ ನಡುವಿನಿಂದ ಬಿಡುವು ಮಾಡಿಕೊಂಡು ಕಾಡಿಗೆ ಹೋಗಿ, ಆನೆಯೋ ಕಾಟಿಯೋ ಬಯಲಿಗೆ ಬಂದು ಬೆಳಕಿಗೆ ಮುಖಗೊಡುವವರೆಗೆ ಕಾದವರು ಇವರು. ಕಪ್ಪು ಬಿಳುಪಿನ ಚಿತ್ರಗಳೆಂದರೆ ಅವರಿಗೆ ಪ್ರಾಣ. 1983ರಲ್ಲಿ ಅವರ ಕಾಡಿನ ದಿನಚರಿ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಬಿಸಿಲು, ನೆರಳು: ಅವರು ಕಾಡಿನಲ್ಲಿ ಕಾದು ಕುಳಿತದ್ದು ಈ ಎರಡಕ್ಕಾಗಿ.

ಮೈಸೂರು ಸೀಮೆಯ ಕೃಪಾಕರ-ಸೇನಾನಿ ಜೋಡಿಯ ವಿಷಯವೂ ಹೀಗೆಯೇ. ಸೀಳುನಾಯಿ ಎಂದರೆ ಬೇಟೆಗಾರರೂ ಅರಣ್ಯಾಧಿಕಾರಿಗಳೂ ಹಿಂದೆ ಕೀಟಲೆಯ ಪ್ರಾಣಿಯೆಂದು ಗುಂಡಿಟ್ಟು ಕೊಲ್ಲುತ್ತಿದ್ದ ಜಂತು. ಇವರಿಬ್ಬರೂ ಬಂಡೀಪುರ, ಮುದುಮಲೆಯ ಕಾಡುಗಳಲ್ಲಿ ವರ್ಷಾನುವರ್ಷ ಅದರ ಹಿಂಡಿನ ಹಿಂದೆ ತಿರುಗಿ, ಅದರ ಸಂಸಾರವನ್ನು ಚಿತ್ರೀಕರಿಸಿದರು. 2010ರಲ್ಲಿ ಅವರ 'ದಿ ಪ್ಯಾಕ್' ಎಂಬ ಚಿತ್ರಕ್ಕೆ ಇಂಗ್ಲೆಂಡಿನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ ಪಾಂಡಾ ಪ್ರಶಸ್ತಿ ಬಂದಿತು. ಜಗತ್ತು ಹಸಿರು ಆಸ್ಕರ್ ಎಂದು ಕರೆಯುವುದು ಇದನ್ನೇ.

ಮನುಷ್ಯರ ಚಿತ್ರಕ್ಕೂ ತಾಳ್ಮೆ ಬೇಕೆಂಬುದಕ್ಕೆ ಮೈಸೂರಿನ ಟಿ.ಎಸ್. ಸತ್ಯನ್ ಸಾಕ್ಷಿ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಸತ್ಯನ್ನರು 1961ರ ಗೋವಾ ವಿಮೋಚನೆಯನ್ನು ಅಮೆರಿಕದ 'ಲೈಫ್' ಪತ್ರಿಕೆಗಾಗಿ ಚಿತ್ರಿಸಿದವರು; ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿವಾರಣೆಯ ಕೆಲಸವನ್ನು ಹಳ್ಳಿಹಳ್ಳಿ ತಿರುಗಿ ಚಿತ್ರಿಸಿದವರು. 1979ರಲ್ಲಿ ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಅವರ ಚಿತ್ರಗಳಲ್ಲಿ ಹಲ್ಲುಕಿರಿದು ನಿಂತವರು ಕಡಿಮೆ. ಕ್ಯಾಮರಾ ಇದೆಯೆಂಬುದನ್ನೇ ಮರೆತವರು ಹೆಚ್ಚು. ಎದುರಿಗಿದ್ದವರು ಹಾಗೆ ಮರೆಯಬೇಕಾದರೆ ಚಿತ್ರಗಾರನು ಅಲ್ಲಿ ಎಷ್ಟು ಹೊತ್ತು ಸುಮ್ಮನಿದ್ದಿರಬೇಕು! ಇಲ್ಲಿ ನನ್ನದೊಂದು ಮಾತು. ನನ್ನ ತಾಯಿಯದೆಂದು ನಮ್ಮ ಮನೆಯಲ್ಲಿರುವುದು ಒಂದೇ ಚಿತ್ರ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವಳು ಪಕ್ಕದವರ ಕಡೆಗೆ ಅರ್ಧ ತಿರುಗಿದ್ದಾಳೆ. ಆ ದಿನದ ಫೋಟೋದವನು ಇನ್ನೊಂದು ಗಳಿಗೆ ತಾಳಿದ್ದರೆ ಇಡೀ ಮುಖ ದೊರೆಯುತ್ತಿತ್ತು ಎಂದು ಅದರ ಮುಂದೆ ದೀಪ ಹಚ್ಚುವಾಗಲೆಲ್ಲ ಅನ್ನಿಸುವುದುಂಟು.

ಇಷ್ಟು ಓದಿದ ಮೇಲೂ ಆ ತಾಯಿಯ ಪ್ರಶ್ನೆಗೆ ಉತ್ತರ ದೊರೆತಿರಲಿಲ್ಲ. ದೀನದಯಾಳರಿಗೆ ನಿಜಾಮರ ಆಶ್ರಯವಿತ್ತು. ಘೋರ್ಪಡೆಯವರು ಅರಸುಮಕ್ಕಳು. ಕಾಯುವುದಕ್ಕೆ ಪುರುಸೊತ್ತು ಬೇಕು, ಪುರುಸೊತ್ತಿಗೆ ಹಣ ಬೇಕು. ವಾರಕ್ಕೊಂದು ರಜೆಯುಳ್ಳ ದೋಸೆಯ ಮಾಣಿಗೆ ಈ ತಾಳ್ಮೆ ಸಲ್ಲುವುದೆ? ಈ ಸಂಶಯದಲ್ಲಿದ್ದಾಗಲೇ ಅಮೆರಿಕದ ವಿಲ್ಸನ್ ಬೆಂಟ್ಲಿಯೆಂಬ ರೈತನ ಕಥೆ ಕಣ್ಣಿಗೆ ಬಿದ್ದಿತು. ವರ್ಮಾಂಟ್ ಸೀಮೆಯ ಜೆರಿಕೋ ಎಂಬ ಹಳ್ಳಿ; ಹಾಲು ಕರೆಯುವುದು ಕಸುಬು. ಬಾಲ್ಯದಲ್ಲಿ ತಾಯಿ ಕೊಟ್ಟ ಸೂಕ್ಷ್ಮದರ್ಶಕದಲ್ಲಿ ಹಿಮದ ಹರಳನ್ನು ಕಂಡು ಮರುಳಾದನು. ಕಂಡೊಡನೆ ಕರಗಿಹೋಗುವ ಆ ಹರಳನ್ನು ಉಳಿಸಿಕೊಳ್ಳುವ ಹಂಬಲದಿಂದ, ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ, ಉಸಿರು ತಾಗಿದರೂ ಕರಗೀತೆಂದು ಉಸಿರು ಬಿಗಿಹಿಡಿದು ಪ್ರಯತ್ನಿಸುತ್ತ ಬಂದು, 1885ರ ಜನವರಿ 15ರಂದು ಮೊದಲ ಚಿತ್ರವನ್ನು ತೆಗೆದನು. ಆಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಹಗಲಿನ ದುಡಿಮೆಯನ್ನು ಬಿಡದೆ ನಲವತ್ತಾರು ಚಳಿಗಾಲಗಳಲ್ಲಿ ಐದು ಸಾವಿರಕ್ಕೂ ಮಿಕ್ಕಿ ಹರಳುಗಳ ಚಿತ್ರ ತೆಗೆದನು. 1931ರಲ್ಲಿ ಅವನ ಪುಸ್ತಕ ಹೊರಬಂದ ಕೆಲವೇ ವಾರಗಳಲ್ಲಿ ತೀರಿಕೊಂಡನು. ಇದನ್ನು ಓದಿದ ಮೇಲೆ ಮಾಣಿಗೆ ಬುದ್ಧಿ ಹೇಳುವುದನ್ನು ಮುಂದಕ್ಕೆ ಹಾಕಿ, "ಬರುವ ರಜೆಯ ದಿನ ನಾನೂ ಬರುತ್ತೇನೆ" ಎಂದೆ. ಅವನಿಗೆ ಆಶ್ಚರ್ಯವಾಯಿತು, ಸ್ವಲ್ಪ ಹೆದರಿಕೆಯೂ ಆಯಿತೆಂದು ತೋರುತ್ತದೆ.

ಫಾಲ್ಗುಣ ಮಾಸ. ಅಮೀರ್‌ಪೇಟ್‌ನಿಂದ ಬೆಳಗಿನ ಮೊದಲ ಮೆಟ್ರೋದಲ್ಲಿ ಮಿಯಾಪುರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅಮೀನ್‌ಪುರದ ಕೆರೆಗೆ ಹೋದೆವು. ಸುತ್ತಲೂ ಹೊಸ ಬಡಾವಣೆಗಳು ಏಳುತ್ತಿದ್ದರೂ ಪಕ್ಷಿಗಳು ಇನ್ನೂ ಬಿಡದ ಕೆರೆ ಅದು. 2016ರಲ್ಲಿ ಸರಕಾರ ಅದನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು. ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುವುವು. ಆದರೆ ಮಾಣಿಗೆ ಅವುಗಳ ಮೋಹವಿಲ್ಲ. ಅವನಿಗೆ ಬೇಕಾದದ್ದು ಕಪ್ಪು ಬಿಳುಪಿನ ಮಿಂಚುಳ್ಳಿ. ಊರಿನ ಹೊಳೆಯಲ್ಲಿ ಚಿಕ್ಕಂದಿನಿಂದ ಕಂಡ ಹಕ್ಕಿಯಂತೆ. ನೀರಿನಿಂದ ಎರಡಾಳೆತ್ತರದಲ್ಲಿ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು, ಕೊಕ್ಕನ್ನು ಕೆಳಗೆ ಮಾಡಿ, ಕಲ್ಲು ಬಿದ್ದಂತೆ ಬೀಳುವ ಹಕ್ಕಿ. ಬೀಳುವ ಮೊದಲ ಆ ನಿಲುವನ್ನು, ಕಣ್ಣು ಸ್ಪಷ್ಟವಾಗಿ ಕಾಣುವಂತೆ, ಹಿಂದಿನಿಂದ ಬಿಸಿಲು ಬೀಳದಂತೆ ಹಿಡಿಯಬೇಕೆಂಬುದು ಅವನ ಹಟ. ನಾಲ್ಕು ತಿಂಗಳಿನಿಂದ ಬರುತ್ತಿದ್ದಾನೆ. ತೆಗೆದದ್ದನ್ನೆಲ್ಲ ತೋರಿಸಿದ. ನನಗೆ ಎಲ್ಲವೂ ಚೆನ್ನಾಗಿಯೇ ಕಂಡವು. ಅವನು ಒಂದೊಂದರಲ್ಲಿಯೂ ಒಂದೊಂದು ಕುಂದು ಹೇಳಿದ. ಚೀಲದಲ್ಲಿ ಕ್ಯಾಮರಾದ ಜೊತೆಗೆ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳ ಪುಸ್ತಕ, ಮೂಲೆ ಮಡಿಚಿ ಹರಿದುಹೋದದ್ದು.

ಏರಿಯ ಕೆಳಗೆ ಒಂದು ಪೊದೆಯ ಮರೆಯಲ್ಲಿ ಕುಳಿತೆವು. ಮೊದಲ ಅರ್ಧ ಗಂಟೆ ನನಗೆ ಹಿತವಾಗಿಯೇ ಇತ್ತು. ಆಮೇಲೆ ಕಾಲು ಜೋಮು ಹಿಡಿಯಿತು. ಒಂದು ಗಂಟೆಯಾದಾಗ ಕಾಫಿಯ ನೆನಪಾಯಿತು. ಗಲ್ಲಾದಲ್ಲಿ ಹತ್ತು ಗಂಟೆ ಕುಳಿತು ಅಭ್ಯಾಸವಿದ್ದವನಿಗೆ ಇಲ್ಲಿ ಎರಡು ಗಂಟೆ ಕೂರಲಾಗದು! ಅಲ್ಲಿ ಕೈಗೆ ಕೆಲಸವಿದೆ, ಇಲ್ಲಿ ಇಲ್ಲ ಎಂದುಕೊಂಡೆ. ಮಾಣಿಯನ್ನು ನೋಡಿದಾಗ ಅದು ತಪ್ಪೆಂದು ತಿಳಿಯಿತು. ಅವನು ಸುಮ್ಮನೆ ಕುಳಿತಿರಲಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತಿದೆ, ಸಣ್ಣ ಮೀನುಗಳು ಎಲ್ಲಿ ನೀರನ್ನು ಕಲಕುತ್ತಿವೆ, ಹಕ್ಕಿ ಹಿಂದಿನ ಸಲ ಯಾವ ಗೂಟದ ಮೇಲೆ ಕುಳಿತಿತ್ತು, ಎಲ್ಲವನ್ನೂ ನೋಡುತ್ತಿದ್ದ. ಕಾವಲಿಗೆ ನೀರು ಚಿಮುಕಿಸಿ ಆ ಸದ್ದಿನಿಂದಲೇ ಕಾವನ್ನು ತಿಳಿಯುವವನ ಮುಖ ಹೇಗಿರುತ್ತದೆಯೋ ಹಾಗೆಯೇ ಇತ್ತು ಅವನ ಮುಖ.

ಎಂಟೂವರೆಯ ಹೊತ್ತಿಗೆ ಹಕ್ಕಿ ಬಂದಿತು. ನೀರಿನ ಮೇಲೆ ನಿಂತಿತು, ಬಿದ್ದಿತು, ಮೀನನ್ನು ಕಚ್ಚಿಕೊಂಡು ನಮ್ಮಿಂದ ಹತ್ತು ಹೆಜ್ಜೆಯ ಮೇಲಿದ್ದ ಗೂಟಕ್ಕೆ ಬಂದು ಕುಳಿತಿತು. ಇಷ್ಟು ಹತ್ತಿರಕ್ಕೆ ಅದು ಹಿಂದೆಂದೂ ಬಂದಿರಲಿಲ್ಲವಂತೆ. ಬೆಳಕು ಅದರ ಎದೆಯ ಮೇಲೆ ನೇರವಾಗಿ ಬಿದ್ದಿತ್ತು. ನಾನು, "ತೆಗೆಯೋ, ತೆಗೆಯೋ" ಎಂದು ಪಿಸುಗುಟ್ಟಿದೆ. ಅವನು ಕ್ಯಾಮರಾವನ್ನು ಕಣ್ಣಿನವರೆಗೆ ತಂದವನು ಇಳಿಸಿದ. ಹಕ್ಕಿ ಮೀನನ್ನು ನುಂಗಲಿಲ್ಲ. ಕಚ್ಚಿಕೊಂಡೇ ತಲೆಯನ್ನು ಮೇಲೆ ಕೆಳಗೆ ಮಾಡುತ್ತ ಅತ್ತಿತ್ತ ನೋಡುತ್ತಿತ್ತು.

"ಧಣಿ, ಮೀನಿನ್ ತಲಿ ಹೊರ್ಗಡೆ ಇತ್ತ್ ಕಾಣಿ" ಎಂದ ಮಾಣಿ. "ಅದ್ ತಿಂಬುಕಲ್ಲ, ಮರಿಗೆ. ಇಲ್ಲೇ ದರೆಯಗೆ ಗೂಡ್ ಇರ್ಕ್. ನಾವ್ ಇಲ್ಲ್ ಕೂಕಂಡ್ರೆ ಅದ್ ಒಳ್ಗ್ ಹೋತಿಲ್ಲೆ. ಹೋಪ."

ಮಿಂಚುಳ್ಳಿಯು ತಾನು ತಿನ್ನುವುದಾದರೆ ಮೀನಿನ ತಲೆಯನ್ನು ತನ್ನ ಗಂಟಲಿನ ಕಡೆಗೆ ತಿರುಗಿಸಿಕೊಳ್ಳುವುದು. ಮರಿಗೋ ಸಂಗಾತಿಗೋ ಕೊಡುವುದಾದರೆ ತಲೆಯನ್ನು ಹೊರಗಡೆ ಮಾಡಿ ಹಿಡಿಯುವುದು. ಏಕೆಂದರೆ ತಲೆ ಮುಂದಾಗಿ ಹೋದರೆ ಮಾತ್ರ ಮೀನಿನ ರೆಕ್ಕೆಯ ಮುಳ್ಳು ಗಂಟಲಿಗೆ ಚುಚ್ಚದು. ಇದನ್ನು ನಾನು ಆಮೇಲೆ ಓದಿ ಖಚಿತಪಡಿಸಿಕೊಂಡೆ. ಆ ಹಕ್ಕಿ ಏರಿಯ ಮಣ್ಣಿನಲ್ಲಿಯೇ ಸುರಂಗದಂತೆ ಬಿಲ ಕೊರೆದು ಮರಿ ಮಾಡುವುದೆಂಬುದೂ ನಿಜ. ನಾವು ಅರಿಯದೆ ಅದರ ಬಾಗಿಲಿನ ಮುಂದೆಯೇ ಕುಳಿತಿದ್ದೆವು. ಒಳಗೆ ಮರಿ ಹಸಿದಿದೆ. ಹೊರಗೆ ತಾಯಿಯೋ ತಂದೆಯೋ ಅನ್ನವನ್ನು ಬಾಯಲ್ಲಿಟ್ಟುಕೊಂಡು ನಾವು ಏಳಲೆಂದು ಕಾಯುತ್ತಿದೆ. ಹಿಂದಿನ ತಲೆಮಾರಿನವರು ಗೂಡಿನ ಬಳಿಯಲ್ಲಿ ಮರೆ ಕಟ್ಟಿ ಚಿತ್ರ ತೆಗೆಯುವುದು ವಾಡಿಕೆಯಾಗಿತ್ತು. ಈಗ ಬಲ್ಲವರು ಅದನ್ನು ಒಪ್ಪುವುದಿಲ್ಲ. ನಮ್ಮ ದೇಶದ ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರವನ್ನು ಸ್ವೀಕರಿಸುವುದೇ ಇಲ್ಲ. ಆದರೆ ಅಲ್ಲಿ ನೋಡುವವರು ಯಾರಿದ್ದರು? ಒಂದು ಗುಂಡಿ ಒತ್ತಿ ಎದ್ದಿದ್ದರೆ ಕೇಳುವವರಿರಲಿಲ್ಲ. "ಒಂದು ತೆಗೆದುಕೊಂಡೇ ಏಳು ಮಾರಾಯ" ಎಂದೆ ನಾನು. ಅವನು ಆಗಲೇ ಬಗ್ಗಿಕೊಂಡು ಹಿಂದಕ್ಕೆ ಸರಿಯುತ್ತಿದ್ದ.

ನಾವು ಏರಿಯ ಆಚೆಯ ಹುಣಸೆಮರದವರೆಗೆ ಹೋಗಿ ತಿರುಗಿ ನೋಡಿದಾಗ ಗೂಟ ಬರಿದಾಗಿತ್ತು. ಮಾಣಿ ತನ್ನ ಪುಸ್ತಕದ ಹಿಂದಿನ ಹಾಳೆಯಲ್ಲಿ ಏನನ್ನೋ ಗುರುತು ಹಾಕಿಕೊಂಡ. ಮರಿಗಳು ಹಾರುವವರೆಗೆ ಆ ಮಗ್ಗುಲಿಗೆ ಹೋಗುವಂತಿಲ್ಲವೆಂದೂ, ಅಷ್ಟರಲ್ಲಿ ಬೇಸಗೆಯ ಬಿಸಿಲು ಬಲಿತು ಬೆಳಕು ಕೆಡುವುದರಿಂದ ಇನ್ನು ಮಳೆಗಾಲ ಕಳೆದ ಮೇಲೆಯೇ ಎಂದೂ ಹೇಳಿದ. ನಾಲ್ಕು ತಿಂಗಳ ರಜೆಗಳು ಕಳೆದವು. ಇನ್ನು ಆರು ತಿಂಗಳು ಎಂದಾಯಿತು. ಅವನ ಮುಖದಲ್ಲಿ ಬೇಸರವಿರಲಿಲ್ಲವೆಂದರೆ ಸುಳ್ಳಾದೀತು. ಮಿಯಾಪುರದ ನಿಲ್ದಾಣದ ಬಳಿ ಚಹಾ ಕುಡಿಸಿದೆ. ಅಂದು ನಾಲ್ಕು ಜನರ ಮುಂದೆ ಗದರಿದ್ದು ನೆನಪಿಗೆ ಬಂದು ಏನಾದರೂ ಹೇಳಬೇಕೆಂದುಕೊಂಡೆ; ಬಾಯಿಂದ ಹೊರಟದ್ದು, "ನಾಳೆ ಹಿಟ್ಟು ಯಾರು ರುಬ್ಬುತ್ತಾರೆ?" ಎಂಬ ಮಾತು. ಅವನು ನಕ್ಕ.

ಆ ರಾತ್ರಿ ಅವನ ತಾಯಿಗೆ ನಾನೇ ಫೋನ್ ಮಾಡಿದೆ. ಪಟ ತೆಗೆದರೆ ಹೊಟ್ಟೆ ತುಂಬುವುದೇ ಎಂಬುದಕ್ಕೆ, ತುಂಬುವುದಿಲ್ಲವೆಂದೇ ಹೇಳಿದೆ. ಅವನು ದೋಸೆಯ ಕೆಲಸವನ್ನು ಬಿಟ್ಟು ಕ್ಯಾಮರಾದ ಹಿಂದೆ ಹೋಗುವುದಾದರೆ ನಾನು ಬೇಡವೆನ್ನುವೆನು. ದೀನದಯಾಳರ ಕಾಲ ಬೇರೆ, ಅವನ ಮನೆಯ ಮಾಡಿನ ಸ್ಥಿತಿ ಬೇರೆ. ಆದರೆ ತಿಂಗಳು ತಿಂಗಳು ಊರಿಗೆ ಹೋಗುವ ಹಣ ಒಂದು ರೂಪಾಯಿಯೂ ಕಡಿಮೆಯಾಗದಂತೆ ನೋಡಿಕೊಳ್ಳುವ ಹೊಣೆ ನನ್ನದು, ವಾರದ ಆ ಒಂದು ದಿನ ಮಾತ್ರ ಅವನದು ಎಂದೆ. ಹಕ್ಕಿಯ ಕಥೆಯನ್ನೂ ಹೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಾಂಗಾರೆ ಊರಿಗ್ ಬಂದಾಗ ನಂದೊಂದ್ ಪಟ ತೆಗೂಕ್ ಹೇಳಿ ಧಣಿ. ಆಧಾರ್ ಕಾರ್ಡಿನ್ ಪಟ ಬಿಟ್ರೆ ನಂದ್ ಯಾವ್ದೂ ಇಲ್ಲೆ" ಎಂದಳು.

ಇದನ್ನು ಮರುದಿನ ಬೆಳಿಗ್ಗೆ ಮಾಣಿಗೆ ತಿಳಿಸಿದೆ. ಅವನು ಸಟ್ಟುಗವನ್ನು ಕೆಳಗಿಟ್ಟು ಯೋಚಿಸಿ ಹೇಳಿದ: ಅಮ್ಮ ಕ್ಯಾಮರಾ ಕಂಡರೆ ಕಂಬದಂತೆ ನಿಲ್ಲುತ್ತಾಳೆ, ಅವಳು ಅದನ್ನು ಮರೆಯಬೇಕಾದರೆ ಕಡೆಯ ಪಕ್ಷ ಎಂಟು ದಿನವಾದರೂ ಮನೆಯಲ್ಲಿರಬೇಕು, ಆದುದರಿಂದ ಎಂಟು ದಿನದ ರಜೆ ಬೇಕು. ಗಿರಾಕಿಗಳ ಗದ್ದಲ ಆಗಲೇ ಆರಂಭವಾಗಿತ್ತು. ರಜೆಯ ವಿಷಯದಲ್ಲಿ ತಮ್ಮನೊಡನೆ ಮಾತನಾಡಿ ಹೇಳುವುದಾಗಿ ಅವನಿಗೆ ತಿಳಿಸಿ ಗಲ್ಲಾಕ್ಕೆ ಬಂದು ಕುಳಿತೆನು.